ಹಲ್ಲುಜ್ಜೋದು ಬಿಟ್ಟು ಇನ್ನೊಂದು ಪ್ರಶ್ನೆ

ಇಲ್ಲಿ ಏನಾದರೂ ಬರೆದು ಬಹಳ ದಿನಗಳಾದವು. ಯಾಕೆ ಅಂತ ಕೇಳಿದರೆ ಸಾಫ್ಟ್‌ವೇರಿನವರೆಲ್ಲ ಹಾಡುವ ಅದೇ ಹಳೇ ರಾಗ... "ಕೆಲಸ ಜಾಸ್ತಿ ಕಣ್ರೀ". ಆದರೆ ಈ ಸಲ ಆ ಕೆಲಸ ಜಾಸ್ತಿಯ ಕಥೆ ನನ್ನ ಬಾಯೊಳಗೇ ಹೊಕ್ಕು ಕೂತುಬಿಟ್ಟಿತ್ತು. ಅದಕ್ಕೇ ಬರೆಯುತ್ತಿದ್ದೇನೆ. ಹಲ್ಲಿನ ವಿಷಯ ಅಂತ ಮೂಗು ಮುರಿದು ಮುಂದಿನ ಬ್ಲಾಗಿಗೆ ಹೋಗಬೇಡಿ, ಸ್ವಲ್ಪ ತಡೆದುಕೊಳ್ಳಿ :)

ಹೋದ ವರ್ಷ ನಮ್ಮ ಪ್ರಾಜೆಕ್ಟಿನ ದೊಡ್ಡ ರಿಲೀಸ್ ಇತ್ತು. ಬೆಳಿಗ್ಗೆ ಹಲ್ಲುಜ್ಜಿ ಉಗುಳಿದರೆ ವಾಷ್ ಬೇಸಿನ್ ಕೆಂಪಗೆ. ಮೊದಲ ವಾರ ಬ್ರಷ್ ಬದಲಾಯಿಸಿದೆ. ಎರಡನೇ ವಾರ ಪೇಸ್ಟ್ ಬದಲಾಯಿಸಿದೆ. ಬಗ್ ಎಲ್ಲಿದೆ ಅಂತ ನೋಡದೆ ಸಿಕ್ಕಿದ್ದನ್ನೆಲ್ಲ ಬದಲಾಯಿಸುವುದು ನಮ್ಮ ಕುಲಕಸುಬು ತಾನೆ? ಮೂರನೇ ವಾರ ಬೆಂಗಳೂರಿನಲ್ಲಿ ಮನೆ ಹತ್ತಿರದ ಹಲ್ಲಿನ ಡಾಕ್ಟರ ಬಳಿ ಹೋದೆ. ಅವರು ಅಳತೆಯ ಗೆರೆಗಳಿದ್ದ ಸಣ್ಣ ಕಡ್ಡಿಯೊಂದನ್ನು ಹಲ್ಲಿಗೂ ವಸಡಿಗೂ ನಡುವೆ ಇಳಿಸುತ್ತ, ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದ ಹುಡುಗಿಗೆ "ಮೂರು, ಐದು, ಐದು, ಆರು..." ಅಂತ ಹೇಳುತ್ತಾ ಹೋದರು. ಕೇಳಿದೆ, ಏನಿದು ಅಂತ. ಆರೋಗ್ಯವಾಗಿದ್ದರೆ ಆ ಸಂದು ಒಂದರಿಂದ ಮೂರು ಮಿಲಿಮೀಟರ್ ಆಳ ಇರುತ್ತದಂತೆ. ನಾಲ್ಕು ದಾಟಿತು ಅಂದರೆ ವಸಡು ಹಲ್ಲಿನಿಂದ ಬಿಡಿಸಿಕೊಳ್ಳುತ್ತಾ ಜೇಬಿನ ಹಾಗೆ ಆಗುತ್ತಿದೆ ಅಂತ ಅರ್ಥ. ಆ ಜೇಬಿನಲ್ಲಿ ಪಾಚಿ, ಅದರಲ್ಲಿ ಬ್ಯಾಕ್ಟೀರಿಯಾ. ಅದರ ವಿರುದ್ಧ ನಮ್ಮದೇ ದೇಹ ಹೂಡುವ ಯುದ್ಧದಲ್ಲಿ ಕರಗಿ ಹೋಗುವುದು ಹಲ್ಲಿನ ಬುಡದ ಎಲುಬು. ನೋವು? ಹೆಚ್ಚಿನವರಿಗೆ ಇರುವುದೇ ಇಲ್ಲ. ಅದೇ ಈ ಕಾಯಿಲೆಯ ಕುತಂತ್ರ.

ಎರಡು ಸಲ ಕೂರಿಸಿ ವಸಡಿನ ಕೆಳಗಿನ ಗಾರೆಯನ್ನೆಲ್ಲ ಕೆರೆದು ತೆಗೆದರು. ಎರಡು ತಿಂಗಳು ಬಿಟ್ಟು ಮತ್ತೆ ಕಡ್ಡಿ ಇಳಿಸಿ ನೋಡಿದರೆ ಐದು ಇದ್ದದ್ದು ಐದೇ ಇತ್ತು. ಡಾಕ್ಟರು ಕನ್ನಡಕದ ಮೇಲಿಂದ ನೋಡಿ "ನೀವು ಸರಿಯಾಗಿ ಬ್ರಷ್ ಮಾಡ್ತಿಲ್ಲ ಅನ್ಸುತ್ತೆ" ಅಂದರು. ಮೂವತ್ತರ ಹತ್ತಿರ ಬಂದಿರುವ, ಇಂಜಿನಿಯರಿಂಗ್ ಓದಿದ ಗಂಡಸಿಗೆ ಇದಕ್ಕಿಂತ ದೊಡ್ಡ ಅವಮಾನ ಉಂಟೇ? ಸಿಟ್ಟಿನಲ್ಲೇ ಮನೆಗೆ ಬಂದೆ. ನನ್ನ ಸಿಟ್ಟು ಪೂರ್ತಿ ಸರಿಯಿರಲಿಲ್ಲ, ಅದನ್ನು ಆಮೇಲೆ ಹೇಳುತ್ತೇನೆ.

ಅದಾದ ಮೇಲೆ ದೀಪಾವಳಿಗೆ ಊರಿಗೆ ಹೋದೆ. ನಮ್ಮದು ಸಿಂದಗಿ ತಾಲೂಕು. ಒಂದು ದಿನ ಇಂಡಿ ಕಡೆ ಹಳ್ಳಿಯಲ್ಲಿರುವ ಸೋದರಮಾವನ ಮನೆಗೆ ಹೋದೆ. ಮಾವನದು ಲಿಂಬೆ ತೋಟ. ಇಂಡಿ ಅಂದರೆ ಲಿಂಬೆ ಅಂತ ನಿಮಗೆ ಗೊತ್ತೇ ಇದೆ. ಊಟಕ್ಕೆ ಕೂತಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಕಟಕ್ ರೊಟ್ಟಿಯನ್ನು ಟಪ್ಪಂತ ಮುರಿದು, ಶೇಂಗಾ ಚಟ್ನಿ, ಮೊಸರು ಹಚ್ಚಿ ಕಟಕಟ ಅಂತ ತಿನ್ನುತ್ತಿದ್ದ ಮನುಷ್ಯ, ಅದೇ ರೊಟ್ಟಿಯನ್ನು ಪುಡಿ ಮಾಡಿ ಹಾಲಿನಲ್ಲಿ ನೆನೆಸಿ ಚಮಚದಲ್ಲಿ ತಿನ್ನುತ್ತಿದ್ದರು.

"ಮಾಮಾ, ಹಲ್ಲಿಗಿ ಏನಾಗ್ಯಾದರಿ?"

"ಏನಿಲ್ಲೊ ತಮ್ಮಾ. ಅಳ್ಳಾಡ್ಲಾಕತ್ತಾವ. ವಯಸ್ಸಾತಲ್ಲ."

ಮಾವನಿಗೆ ಐವತ್ತಮೂರು.

"ಡಾಕ್ಟರ್ ಕಡೆ ಹೋಗಿದ್ರಿಲ್ಲೊ?"

"ಹೋಗಿದ್ದೆ. ಕ್ಲೀನ್ ಮಾಡಿದ್ರು, ಬೈದ್ರು. ಮತ್ತ ಹೋಗಿಲ್ಲ."

ಒಳಗಿನಿಂದ ಅತ್ತಿ ಅಂದರು: "ರಾತ್ರಿ ನಿದ್ದಿನ ಇಲ್ಲಪಾ ಅವರಿಗಿ. ಕಣ್ಣ ಹತ್ತಿದ್ರ ಕಟಕಟ ಹಲ್ಲ ಕಡೀತಾರ. ಬಿಟ್ಟಿದ್ದ ತಂಬಾಕ ಮತ್ತ ಹಿಡದಾರ."

ಆಮೇಲೆ ನಿಧಾನಕ್ಕೆ ಬಿಚ್ಚಿಕೊಂಡಿತು. 2023ರಲ್ಲಿ ರಾಜ್ಯದ 220ಕ್ಕೂ ಹೆಚ್ಚು ತಾಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದ ವರ್ಷ ನೆನಪಿದೆಯಲ್ಲ? ಆ ಬೇಸಿಗೆಯಲ್ಲಿ ಮಾವ ಟ್ಯಾಂಕರ್ ನೀರು ಕೊಂಡು ಲಿಂಬೆ ಗಿಡ ಉಳಿಸಿಕೊಂಡಿದ್ದರು. ಜ್ವಾಳ, ತೊಗರಿ ಹೋದರೆ ಒಂದು ವರ್ಷದ ಬೆಳೆ ಹೋಯಿತು ಅನ್ನಬಹುದು. ಲಿಂಬೆ ಗಿಡ ಒಣಗಿದರೆ ಎಷ್ಟೋ ವರ್ಷದ ದುಡಿಮೆ ಒಣಗಿದ ಹಾಗೆ. ಗಿಡ ಉಳಿದವು, ಜೊತೆಗೆ ಸಾಲವೂ ಉಳಿಯಿತು. ಬ್ಯಾಂಕಿನದು ಒಂದು, ಕೈಗಡ ಮೂರು. ಹಲ್ಲು ಅಳ್ಳಾಡಲು ಶುರುವಾದದ್ದೂ ಆಮೇಲೆಯೇ.

ಅಲ್ಲೇ ನನಗೆ ತಲೆಯಲ್ಲಿ ಟಣ್ ಅಂದಿದ್ದು. ನನ್ನ ಐದು ಮಿಲಿಮೀಟರಿಗೂ ಮಾವನ ಅಳ್ಳಾಡುವ ಹಲ್ಲಿಗೂ ಒಂದೇ ಬೇರು ಇರಬಹುದೇ?

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಓದಲು ಕೂತೆ. ನಾನು ಡಾಕ್ಟರಲ್ಲ, ಆದರೆ ಓದಿ ತಿಳಿದುಕೊಳ್ಳುವುದಕ್ಕೆ ಡಿಗ್ರಿ ಬೇಕಿಲ್ಲವಲ್ಲ. ನನ್ನನ್ನು ಕೂತಲ್ಲೇ ನಗಿಸಿ, ಆಮೇಲೆ ಹೆದರಿಸಿದ ಒಂದು ಪ್ರಯೋಗ ಹೇಳುತ್ತೇನೆ. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ್ದು, 1998ರಲ್ಲಿ ಪ್ರಕಟವಾದದ್ದು. ಹನ್ನೊಂದು ಜನ ಡೆಂಟಲ್ ವಿದ್ಯಾರ್ಥಿಗಳನ್ನು ಒಪ್ಪಿಸಿ, ಅವರ ಬಾಯಿಯ ಮೇಲಂಗುಳಲ್ಲಿ ಮೂರೂವರೆ ಮಿಲಿಮೀಟರಿನ ಗುಂಡನೆ ಗಾಯ ಮಾಡಿದರು. ಒಂದು ಗಾಯ ಬೇಸಿಗೆ ರಜೆಯಲ್ಲಿ, ಇನ್ನೊಂದು ಪರೀಕ್ಷೆಗೆ ಮೂರು ದಿನ ಮೊದಲು. ಅವವೇ ಬಾಯಿಗಳು, ಅಷ್ಟೇ ಅಳತೆಯ ಗಾಯ. ಪರೀಕ್ಷೆ ಸಮಯದ ಗಾಯ ಮಾಯಲು ಸರಾಸರಿ ಮೂರು ದಿನ, ಅಂದರೆ ಶೇಕಡಾ 40ರಷ್ಟು ಹೆಚ್ಚು ಸಮಯ ಹಿಡಿಯಿತು. ರಜೆಯಲ್ಲಿ ಮಾಯ್ದಷ್ಟು ಬೇಗ ಪರೀಕ್ಷೆಯಲ್ಲಿ ಒಬ್ಬನಿಗೂ ಮಾಯಲಿಲ್ಲ. ಗಾಯ ಮಾಯಿಸುವ ಕೆಲಸಕ್ಕೆ ಮೊದಲು ಕೂಗಿ ಕರೆಯುವ ಇಂಟರ್‌ಲ್ಯೂಕಿನ್-1 ಬೀಟಾ ಎಂಬ ರಾಸಾಯನಿಕವನ್ನು ತಯಾರಿಸುವ ಸಂದೇಶವೇ ಪರೀಕ್ಷೆಯ ದಿನಗಳಲ್ಲಿ ಶೇಕಡಾ 68ರಷ್ಟು ಇಳಿದಿತ್ತು.

ಗಮನಿಸಿ, ಇವರು ಹಲ್ಲಿನ ಡಾಕ್ಟರಾಗಲು ಹೊರಟ, ಹೇಗೆ ಹಲ್ಲುಜ್ಜಬೇಕು ಅಂತ ಊರಿಗೆಲ್ಲ ಹೇಳುವ ಹುಡುಗರು!

ಅದೇ ತಂಡ 1995ರಲ್ಲಿ ಇನ್ನೊಂದು ನೋಡಿತ್ತು. ಮನೆಯಲ್ಲಿ ಮರೆವಿನ ರೋಗದ ಹಿರಿಯರನ್ನು ನೋಡಿಕೊಳ್ಳುತ್ತಿದ್ದ ಹದಿಮೂರು ಹೆಂಗಸರ ತೋಳಿನ ಚಿಕ್ಕ ಗಾಯ, ಅಂಥ ಹೊರೆ ಇಲ್ಲದ ಅದೇ ವಯಸ್ಸಿನ ಹೆಂಗಸರಿಗಿಂತ ಸುಮಾರು ಒಂಬತ್ತು ದಿನ ತಡವಾಗಿ ಮಾಯಿತು.

ಈಗ ವಸಡಿಗೆ ಬನ್ನಿ. ವಸಡಿನ ಕೆಳಗೆ ಕೆರೆದು ಕ್ಲೀನ್ ಮಾಡುವುದು ಅಂದರೆ ಏನು? ಡಾಕ್ಟರು ಕಸ ತೆಗೆಯುತ್ತಾರೆ, ಅಷ್ಟೇ. ಆಮೇಲೆ ವಸಡು ಮತ್ತೆ ಹಲ್ಲಿಗೆ ಬಿಗಿಯಾಗಿ ಅಂಟಿಕೊಳ್ಳಬೇಕಾದದ್ದು ನಮ್ಮ ದೇಹದ ಕೆಲಸ. ಅರ್ಧ ಚಿಕಿತ್ಸೆ ಕ್ಲಿನಿಕ್ಕಿನಲ್ಲಿ, ಇನ್ನರ್ಧ ಮನೆಯಲ್ಲಿ, ನಿದ್ದೆಯಲ್ಲಿ. ಆ ಇನ್ನರ್ಧವನ್ನೇ ಚಿಂತೆ ಕಿತ್ತು ತಿನ್ನುತ್ತದೆ. ಹೇಗೆಂದರೆ ಎರಡು ದಾರಿಯಲ್ಲಿ.

ಒಂದು, ಒಳಗಿನ ದಾರಿ. ಬಹಳ ದಿನದ ಚಿಂತೆಯಲ್ಲಿ ಮೈಯಲ್ಲಿ ಕಾರ್ಟಿಸೋಲ್ ಎಂಬ ಹಾರ್ಮೋನಿನ ಲಯ ತಪ್ಪುತ್ತದೆ. ಹುಲಿ ಬಂದಾಗ ಓಡಲಿಕ್ಕೆ ಮಾಡಿದ ವ್ಯವಸ್ಥೆ ಅದು. ಓಡುವ ಹೊತ್ತಿನಲ್ಲಿ ರಿಪೇರಿ ಕೆಲಸ ನಿಲ್ಲಿಸು ಅಂತ ಅದು ದೇಹಕ್ಕೆ ಹೇಳುತ್ತದೆ. ಹುಲಿ ಹತ್ತು ನಿಮಿಷದಲ್ಲಿ ಹೋಗುತ್ತದೆ. ಕೈಗಡ ಕೊಟ್ಟವನು ಹೋಗುವುದಿಲ್ಲ, ಕ್ಲೈಂಟೂ ಹೋಗುವುದಿಲ್ಲ. ರಿಪೇರಿ ನಿಂತೇ ಇರುತ್ತದೆ.

ಎರಡನೆಯದು ಹೊರಗಿನ ದಾರಿ. ಚಿಂತೆಯಲ್ಲಿರುವವನು ಹಲ್ಲುಜ್ಜುವುದನ್ನು ಮುಂದೂಡುತ್ತಾನೆ, ತಂಬಾಕಿಗೆ ಕೈ ಹಾಕುತ್ತಾನೆ, ನಿದ್ದೆ ಕೆಡುತ್ತಾನೆ, ಡಾಕ್ಟರ ಅಪಾಯಿಂಟ್‌ಮೆಂಟ್ ತಪ್ಪಿಸುತ್ತಾನೆ. ರಾತ್ರಿ ಹಲ್ಲು ಕಡಿಯುವುದರಿಂದಲೇ ವಸಡಿನ ರೋಗ ಬರುವುದಿಲ್ಲ, ಆದರೆ ಮೊದಲೇ ಬುಡ ಸಡಿಲವಾದ ಹಲ್ಲಿಗೆ ಅದು ಗಾಯದ ಮೇಲೆ ಬರೆ. ತಂಬಾಕಿನದು ಇನ್ನೂ ಮೋಸ. ಸಿಗರೇಟು ಸೇದುವವರ ವಸಡಿನಲ್ಲಿ ರಕ್ತ ಬರುವುದೇ ಕಡಿಮೆ, ಹಾಗಾಗಿ ಎಲ್ಲ ಸರಿ ಇದೆ ಅಂತ ತೋರುತ್ತದೆ. ಅಗಿಯುವವರಿಗೆ ಉಂಡೆ ಇಟ್ಟ ಜಾಗದಲ್ಲೇ ವಸಡು ಸರಿದು ಹಲ್ಲಿನ ಬೇರು ಕಾಣುತ್ತದೆ. ಗುಟ್ಕಾವನ್ನು ನಮ್ಮ ರಾಜ್ಯದಲ್ಲಿ 2013ರಲ್ಲೇ ನಿಷೇಧಿಸಿದ್ದಾರೆ. ಚಿಂತೆಯನ್ನು ನಿಷೇಧಿಸಿಲ್ಲವಲ್ಲ, ಹಾಗಾಗಿ ಒಂದಲ್ಲ ಒಂದು ಚೀಟು ಕೈಗೆ ಸಿಗುತ್ತಲೇ ಇರುತ್ತದೆ.

ಈಗ ನನ್ನ ಸಿಟ್ಟಿನ ವಿಷಯ. ನನ್ನ ಡಾಕ್ಟರು ಹೇಳಿದ್ದು ಅರ್ಧ ನಿಜ. ರಿಲೀಸ್ ರಾತ್ರಿಗಳಲ್ಲಿ ಮೂರು ಗಂಟೆಗೆ ಬಂದು ಶೂ ಕೂಡ ಬಿಚ್ಚದೆ ಬಿದ್ದುಕೊಂಡದ್ದು ಎಷ್ಟು ದಿನವೋ ಲೆಕ್ಕವಿಲ್ಲ. ಆದರೆ "ಬ್ರಷ್ ಮಾಡ್ತಿಲ್ಲ" ಅನ್ನುವುದು ದೂರು. "ಯಾಕೆ ಆಗ್ತಿಲ್ಲ?" ಅನ್ನುವುದು ಪ್ರಶ್ನೆ. ಅವರು ದೂರು ಹೇಳಿದರು, ಪ್ರಶ್ನೆ ಕೇಳಲಿಲ್ಲ. ನಾನಾದರೂ ಮತ್ತೆ ಹೋದೆ, ಯಾಕೆಂದರೆ ಬೆಂಗಳೂರಿನಲ್ಲಿ ಗಲ್ಲಿಗೊಂದು ಕ್ಲಿನಿಕ್ಕಿದೆ, ಜೇಬಿನಲ್ಲಿ ದುಡ್ಡಿದೆ. ನಮ್ಮ ಮಾವ? "ಬೈದ್ರು. ಮತ್ತ ಹೋಗಿಲ್ಲ." ಒಂದು ಬೈಗುಳಕ್ಕೆ ಎರಡು ವರ್ಷದ ಚಿಕಿತ್ಸೆ ಹೋಯಿತು.

ಸಾಲ ಮತ್ತು ವಸಡಿನ ಬಗ್ಗೆಯೇ ಒಂದು ದೊಡ್ಡ ಅಧ್ಯಯನವಿದೆ ಅಂತ ಗೊತ್ತಾದಾಗ ನಂಬಲಾಗಲಿಲ್ಲ. ಅಮೆರಿಕದ ಬಫಲೋ ನಗರವಿರುವ ಈರಿ ಕೌಂಟಿಯಲ್ಲಿ 25ರಿಂದ 74 ವಯಸ್ಸಿನ 1426 ಜನರನ್ನು ನೋಡಿ, ರಾಬರ್ಟ್ ಜೆಂಕೊ ಮತ್ತು ಜೊತೆಗಾರರು 1999ರಲ್ಲಿ ಪ್ರಕಟಿಸಿದ್ದು. ಹಣದ ಒತ್ತಡ ಇದ್ದವರಲ್ಲಿ ಹಲ್ಲಿನ ಬುಡದ ಎಲುಬು ಹೆಚ್ಚು ಕರಗಿತ್ತು. ಅಷ್ಟೇ ಆಗಿದ್ದರೆ ಬಡವರ ಹಣೆಬರಹ ಅಂದು ಸುಮ್ಮನಾಗಬಹುದಿತ್ತು. ಆದರೆ ಇನ್ನೊಂದು ಮಾತೂ ಅದರಲ್ಲಿತ್ತು. ಹಣದ ಒತ್ತಡ ಇದ್ದೂ, ಕೊರಗುತ್ತ ಕೂರದೆ ಸಮಸ್ಯೆಯನ್ನು ಹಿಡಿದು ಒಂದೊಂದಾಗಿ ಬಿಡಿಸುವ ಸ್ವಭಾವದವರಿಗೆ, ಒತ್ತಡ ಇಲ್ಲದವರಿಗಿಂತ ಹೆಚ್ಚಿನ ಅಪಾಯ ಕಾಣಲಿಲ್ಲ. ಅಂದರೆ ಸಾಲಕ್ಕಿಂತ ಸಾಲವನ್ನು ಒಬ್ಬನೇ ನುಂಗಿಕೊಂಡು ಕೂರುವುದು ಹೆಚ್ಚು ದುಬಾರಿ ಅಂತ ನಾನು ಅರ್ಥ ಮಾಡಿಕೊಂಡೆ. 1998ರಲ್ಲಿ ಸ್ವೀಡನ್ನಿನ ಸಂಶೋಧಕರು ಕೂಡ, ಎಷ್ಟು ಚಿಕಿತ್ಸೆ ಮಾಡಿದರೂ ವಸಡು ಸುಧಾರಿಸದ ಒಂದು ಚಿಕ್ಕ ಗುಂಪನ್ನು, ಸುಧಾರಿಸಿದವರ ಜೊತೆ ಹೋಲಿಸಿ, ಮೊದಲಿನವರ ಬದುಕಿನಲ್ಲಿ ಮಾನಸಿಕ ಒತ್ತಡ ಹೆಚ್ಚಿತ್ತು ಅಂದಿದ್ದರು.

ಹಳೆಯದೂ ಒಂದಿದೆ. ಮೊದಲ ಮಹಾಯುದ್ಧದಲ್ಲಿ ಕಂದಕಗಳಲ್ಲಿ ಕೂತಿದ್ದ ಸೈನಿಕರಿಗೆ ವಸಡು ಕೊಳೆತು ರಕ್ತ ಸೋರುವ ರೋಗ ಎಷ್ಟು ಬರುತ್ತಿತ್ತೆಂದರೆ ಅದಕ್ಕೆ "ಕಂದಕದ ಬಾಯಿ" ಅಂತಲೇ ಹೆಸರು ಬಿತ್ತು. ಕೊಳಕು, ಅರೆಹೊಟ್ಟೆ, ಸಿಗರೇಟು, ನಿದ್ದೆಗೇಡು, ತಲೆಯ ಮೇಲೆ ಬೀಳುವ ಗುಂಡು ಎಲ್ಲ ಸೇರಿ ಮಾಡಿದ ಕೆಲಸ. ಮುದ್ದೇಬಿಹಾಳದಲ್ಲಿರುವ ನಮ್ಮ ಚಿಗವ್ವನ ಮಗಳು ಎರಡನೇ ಸಲ ನೀಟ್‌ಗೆ ಕೂತಾಗ, "ಅಣ್ಣಾ, ಹಲ್ಲ ತಿಕ್ಕಿದ್ರ ಬರೇ ರಕ್ತ" ಅಂತ ಫೋನ್ ಮಾಡಿದ್ದಳು. ಆಗ "ಮೆತ್ತಗಿನ ಬ್ರಷ್ ತಗೋ" ಅಂದು ಫೋನ್ ಇಟ್ಟಿದ್ದೆ. ಕಂದಕಗಳು ಈಗಲೂ ಇವೆ ಅಂತ ಆಗ ಹೊಳೆದಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳದಿದ್ದರೆ ತಪ್ಪಾಗುತ್ತದೆ. ಚಿಂತೆಯೊಂದರಿಂದಲೇ ಯಾರ ಹಲ್ಲೂ ಬೀಳುವುದಿಲ್ಲ. ಪಾಚಿ ಇಲ್ಲದೆ ವಸಡಿನ ರೋಗವಿಲ್ಲ. ಮೇಲೆ ಹೇಳಿದ ಗಾಯದ ಪ್ರಯೋಗಗಳು ಚಿಕ್ಕವು, ಅಮೆರಿಕದ ಸಾಲದ ಅಧ್ಯಯನ ಸಂಬಂಧ ತೋರಿಸುತ್ತದೆಯೇ ಹೊರತು ಕಾರಣವನ್ನು ಸಾಬೀತು ಮಾಡುವುದಿಲ್ಲ. ಧ್ಯಾನ ಮಾಡಿದರೆ ಅಳ್ಳಾಡುವ ಹಲ್ಲು ಗಟ್ಟಿಯಾಗುತ್ತದೆ ಅಂತ ಯಾರಾದರೂ ವಾಟ್ಸಾಪಿನಲ್ಲಿ ಕಳಿಸಿದರೆ ದಯವಿಟ್ಟು ಮುಂದೆ ಕಳಿಸಬೇಡಿ. ನಮ್ಮ ಜಿಲ್ಲೆಯಲ್ಲಿ ಕೆಲವರ ಹಲ್ಲು ಕಂದು ಬಣ್ಣಕ್ಕೆ ತಿರುಗುವುದು ಬೋರಿನ ನೀರಿನ ಫ್ಲೋರೈಡಿನಿಂದ, ಅದು ಬೇರೆಯೇ ಕಥೆ. ಕೆರೆಯುವುದು, ಉಜ್ಜುವುದು, ತಂಬಾಕು ಬಿಡುವುದು, ಸಕ್ಕರೆ ಕಾಯಿಲೆ ಹತೋಟಿಯಲ್ಲಿಡುವುದು, ಇವಕ್ಕೆ ಬದಲಿ ಇಲ್ಲ. ನಾನು ಕೇಳುತ್ತಿರುವುದು ಬದಲಿ ಅಲ್ಲ, ಪಟ್ಟಿಗೆ ಇನ್ನೊಂದು ಸಾಲು.

ಪಟ್ಟಿ ಅಂದೆ, ಅದೇ ನನ್ನ ತಕರಾರು. 2018ರಲ್ಲಿ ಅಮೆರಿಕ ಮತ್ತು ಯುರೋಪಿನ ತಜ್ಞರು ಸೇರಿ ವಸಡಿನ ರೋಗಕ್ಕೆ ಹೊಸ ವರ್ಗೀಕರಣ ತಂದರು. ರೋಗ ಎಷ್ಟು ವೇಗವಾಗಿ ಮುಂದುವರಿಯಬಹುದು ಅಂತ ಎ, ಬಿ, ಸಿ ದರ್ಜೆ ಕೊಡುತ್ತಾರೆ. ಆ ದರ್ಜೆ ಏರಿಸುವ ಅಂಶಗಳು ಎರಡು. ದಿನಕ್ಕೆ ಹತ್ತು ಅಥವಾ ಹೆಚ್ಚು ಸಿಗರೇಟು, ಮತ್ತು ಮೂರು ತಿಂಗಳ ಸಕ್ಕರೆ ಸರಾಸರಿ ಶೇಕಡಾ 7 ಅಥವಾ ಹೆಚ್ಚು. ಎರಡಕ್ಕೂ ಅಂಕಿ ಇದೆ, ಅಳೆಯಬಹುದು, ಹಾಗಾಗಿ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಚಿಂತೆಗೆ ಅಂಕಿ ಇಲ್ಲ. ಇಂಜಿನಿಯರನಾಗಿ ನನಗಿದು ಅರ್ಥವಾಗುತ್ತದೆ. ಅಳೆಯಲಾಗದ್ದನ್ನು ಡ್ಯಾಶ್‌ಬೋರ್ಡಿನಲ್ಲಿ ಹಾಕುವುದು ಹೇಗೆ? ಆದರೆ ಡ್ಯಾಶ್‌ಬೋರ್ಡಿನಲ್ಲಿ ಕಾಣದ್ದೇ ಎಷ್ಟು ಸಲ ಸರ್ವರ್ ಬೀಳಿಸಿದೆ ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಳೆಯಲಾಗದಿದ್ದರೆ ಕೇಳಬಹುದಲ್ಲ. "ನಿದ್ದೆ ಹೇಗಿದೆ? ಮನೆಯಲ್ಲಿ ಎಲ್ಲ ಆರಾಮಾ?" ಇಷ್ಟು ಕೇಳಲು ಒಂದು ನಿಮಿಷ.

ಕೇಳಿ ಏನು ಮಾಡುವುದು, ಹಲ್ಲಿನ ಡಾಕ್ಟರು ಸಾಲ ತೀರಿಸುತ್ತಾರಾ ಅಂತ ನೀವು ಕೇಳಬಹುದು. ನಿಜ, ತೀರಿಸಲ್ಲ. ಆದರೆ ದೊಡ್ಡ ಗಾಯ ಮಾಡುವ ಸರ್ಜರಿಯನ್ನು, ಅವಸರವಿಲ್ಲದಿದ್ದರೆ, ಪರೀಕ್ಷೆಯ ಅಥವಾ ಸಾವು-ನೋವಿನ ವಾರದಿಂದ ಮುಂದಕ್ಕೆ ಹಾಕಬಹುದು. ಆರು ತಿಂಗಳಿಗೆ ಬಾ ಅನ್ನುವ ಬದಲು ಎರಡು-ಮೂರು ತಿಂಗಳಿಗೇ ಕರೆಯಬಹುದು. ಹತ್ತು ಸೂಚನೆ ಕೊಡುವ ಬದಲು ಒಂದೇ ಕೊಡಬಹುದು: "ರಾತ್ರಿ ಎಷ್ಟೇ ಹೊತ್ತಾಗಲಿ, ಒಂದು ಸಲ ಉಜ್ಜಿ ಮಲಗಿ." ಬೇಕಾದವರನ್ನು ಸರಿಯಾದ ಜಾಗಕ್ಕೆ ಕಳಿಸಬಹುದು.

ಆ ಸರಿಯಾದ ಜಾಗ ದೂರವೇನಿಲ್ಲ. ಕರ್ನಾಟಕದಲ್ಲಿ 2014ರಲ್ಲಿ ಮನೋಚೈತನ್ಯ ಅಂತ ಒಂದು ಕಾರ್ಯಕ್ರಮ ಶುರುವಾಯಿತು. ಮಂಗಳವಾರಗಳಂದು ಮನೋವೈದ್ಯರು ತಾಲೂಕು ಆಸ್ಪತ್ರೆಗೇ ಬಂದು ನೋಡುವ ವ್ಯವಸ್ಥೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ಊರುಗಳಿಗೆ ಇದಕ್ಕಿಂತ ಒಳ್ಳೆಯ ಯೋಚನೆ ಇಲ್ಲ. ವಿಜಯಪುರಕ್ಕೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋಯಿತು. ಮತ್ತೆ "ತಲಿ ಡಾಕ್ಟರ್" ಹತ್ತಿರ ಹೋದ ಅಂತ ಊರೆಲ್ಲ ಸುದ್ದಿ. ಆದರೆ ಹಲ್ಲಿಗೆ ಅಂತ ಹೋಗುವವನನ್ನು ಯಾರೂ ಆಡಿಕೊಳ್ಳುವುದಿಲ್ಲ. ಮನಸ್ಸಿನ ನೋವನ್ನು ಬಾಯಿಬಿಟ್ಟು ಹೇಳದ ನಮ್ಮ ಕಡೆ ಗಂಡಸರು ಬಾಯಿ ಬಿಡುವುದೇ ಹಲ್ಲಿನ ಡಾಕ್ಟರ ಮುಂದೆ! ಆ ಬಾಗಿಲನ್ನು ಬಳಸಿಕೊಳ್ಳಬೇಕು. ಹಲ್ಲಿನ ಕೋಣೆಯಿಂದ ಮಂಗಳವಾರದ ಕೋಣೆಗೆ ಒಂದು ಚೀಟಿ ಹೋದರೆ ಸಾಕು. ಫೋನಿನಲ್ಲೇ ಮಾತಾಡುವವರಿಗೆ 2022ರಲ್ಲಿ ಶುರುವಾದ ಟೆಲಿ-ಮಾನಸ್ ಇದೆ, ನಂಬರ್ 14416, ಕನ್ನಡದಲ್ಲೂ ಮಾತಾಡುತ್ತಾರೆ.

ನಮ್ಮ ಸರ್ಕಾರ ದಂತಭಾಗ್ಯ ಅಂತ ಯೋಜನೆ ತಂದು, ಹಲ್ಲು ಕಳೆದುಕೊಂಡ ಬಡ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡಿಸಿತು. ಒಳ್ಳೆಯದೇ, ಕೈ ಮುಗಿಯುತ್ತೇನೆ. ಆದರೆ ಹಲ್ಲು ಬಿದ್ದ ಮೇಲೆ ಭಾಗ್ಯ ಬರುವುದು "ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ" ಅನ್ನುವ ಗಾದೆಗೆ ಸರ್ಕಾರಿ ಮೊಹರು ಹಾಕಿದಂತೆ. ಬೀಳುವ ಮುಂಚೆ ಒಂದು ಪ್ರಶ್ನೆ ಕೇಳಲು ಬಜೆಟ್ಟೂ ಬೇಡ.

ಮಾವನ ಕಥೆ ಮುಗಿಸುತ್ತೇನೆ. ನನ್ನ ಜೊತೆ ಹೈಸ್ಕೂಲು ಓದಿದ ಗೆಳೆಯನೊಬ್ಬ ಡೆಂಟಲ್ ಮುಗಿಸಿ ಬಸವನ ಬಾಗೇವಾಡಿಯಲ್ಲಿ ಕ್ಲಿನಿಕ್ ಹಾಕಿದ್ದಾನೆ. ಬೇಡ ಬೇಡ ಅಂದರೂ ಮಾವನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಅವನು ಕಡ್ಡಿ ತೆಗೆಯುವ ಮೊದಲು ಕೇಳಿದ್ದು, "ಕಾಕಾ, ನಿದ್ದಿ ಹೆಂಗ ಹತ್ತತಾವ್ರಿ?" ಅಂತ. ಮಾವ ಒಂದು ನಿಮಿಷ ಸುಮ್ಮನೆ ಕೂತು, ಆಮೇಲೆ ಇಪ್ಪತ್ತು ನಿಮಿಷ ಮಾತಾಡಿದರು. ನನಗೇ ಗೊತ್ತಿಲ್ಲದ ಎರಡು ಸಾಲ ಹೊರಬಂದವು. ಬೈಗುಳ ಇರಲಿಲ್ಲ. "ತಂಬಾಕ ಒಮ್ಮಿಗೇ ಬ್ಯಾಡ್ರಿ, ಮೊದಲ ರಾತ್ರಿದು ಬಿಡ್ರಿ" ಅಂದ.

ಪವಾಡವೇನೂ ಆಗಲಿಲ್ಲ. ಕೆಳಗಿನ ಒಂದು ಹಲ್ಲು ಕೀಳಿಸಲೇಬೇಕಾಯಿತು. ಆದರೆ ಮಾವ ಹೇಳಿದ ದಿನಕ್ಕೆ ತಪ್ಪದೆ ನಾಲ್ಕು ಸಲ ಹೋದರು. ಈ ನಡುವೆ ಅವರ ಮಗನೂ ನಾನೂ ಕೂತು ಸಾಲಗಳನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದೆವು, ಯಾವುದು ಮೊದಲು, ಯಾವುದು ಆಮೇಲೆ ಅಂತ. ಸಾಲ ಒಂದು ರೂಪಾಯಿಯೂ ಕಡಿಮೆ ಆಗಲಿಲ್ಲ, ಆದರೆ ಹಾಳೆ ನೋಡಿ ಮಾವ "ಇಷ್ಟ ಏನು?" ಅಂದರು. ಹೋದ ತಿಂಗಳು ಅಳತೆ ನೋಡಿದಾಗ ಆರು ಇದ್ದ ಕೆಲವು ಕಡೆ ನಾಲ್ಕಾಗಿದೆ. ಇದರಲ್ಲಿ ಕೆರೆದದ್ದು ಎಷ್ಟು, ತಂಬಾಕು ಕಡಿಮೆ ಮಾಡಿದ್ದು ಎಷ್ಟು, ನಿದ್ದೆಯ ಪಾಲು ಎಷ್ಟು ಅಂತ ಬಿಡಿಸಿ ಹೇಳಲಾಗದು. ಬಿಡಿಸುವ ಅಗತ್ಯವೂ ಮಾವನಿಗಿಲ್ಲ. ರೊಟ್ಟಿಯನ್ನು ಈಗ ಹಾಲಿನ ಬದಲು ಪಲ್ಯದ ರಸದಲ್ಲಿ ನೆನೆಸುತ್ತಾರೆ, ಅಷ್ಟು ಪ್ರಗತಿ :)

ನಂದೂ ಐದು ಹೋಗಿ ನಾಲ್ಕಕ್ಕೆ ಬಂದಿದೆ. ಮುಂದಿನ ರಿಲೀಸಿಗೆ ಮುಂಚೆಯೇ ಕ್ಲೀನಿಂಗ್ ದಿನ ಗೊತ್ತು ಮಾಡಿಕೊಂಡಿದ್ದೇನೆ. ಮುದ್ದೇಬಿಹಾಳದ ತಂಗಿಗೆ ಫೋನ್ ಮಾಡಿ, ಬ್ರಷ್ ವಿಷಯ ಬಿಟ್ಟು, "ಹೆಂಗದೀವ್ವಾ?" ಅಂತ ಕೇಳಿದೆ. ಅರ್ಧ ಗಂಟೆ ಅತ್ತಳು.

ಚಿಂತೆಗೂ ಚಿತೆಗೂ ನಡುವೆ ಒಂದು ಸೊನ್ನೆ ಅಷ್ಟೇ ವ್ಯತ್ಯಾಸ ಅಂತ ನಮ್ಮ ಅಜ್ಜಿ ಹೇಳುತ್ತಿದ್ದಳು. ಕೋಡು ಬರೆಯುವವನಿಗೆ ಒಂದು ಸೊನ್ನೆಯ ಬೆಲೆ ಗೊತ್ತಿರಬೇಕಿತ್ತು. ನನಗೆ ಗೊತ್ತಾಗಲು ವಸಡಿನಿಂದ ರಕ್ತ ಬರಬೇಕಾಯಿತು.

ನಿಮ್ಮಲ್ಲಿ ಯಾರಾದರೂ ಹಲ್ಲಿನ ಡಾಕ್ಟರು ಇದ್ದರೆ, ನಾನು ಹೇಳಿದ್ದರಲ್ಲಿ ತಪ್ಪಿದ್ದರೆ ತಿದ್ದಿ. ಉಳಿದವರು, ನಿಮ್ಮ ಡಾಕ್ಟರು ಯಾವತ್ತಾದರೂ ನಿಮ್ಮ ನಿದ್ದೆಯ ಬಗ್ಗೆ ಕೇಳಿದ್ದಾರಾ? ಕೇಳದಿದ್ದರೆ ಮುಂದಿನ ಸಲ ನೀವೇ ಹೇಳಿಬಿಡಿ. ಹೇಗೂ ಬಾಯಿ ತೆರೆದೇ ಇರುತ್ತದೆ ತಾನೆ?